ಉಗುರಿಲ್ಲದ ಬೆರಳು

ಮೇಡಂ ಅವರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ರೈಲಿನ ಕಬ್ಬಿಣದ ಕಿಟಕಿ ಜಾರಿ ಬಿದ್ದು ಎಂದೋ ಹೋಗಿತ್ತಂತೆ, ಮತ್ತೆ ಬೆಳೆಯಲಿಲ್ಲ. ಬೆರಳ ತುದಿ ಸುಲಿದ ಕಡಲೆಬೀಜದ ಹಾಗೆ ನಯವಾಗಿತ್ತು. ನಾವು ಬರೆದದ್ದರಲ್ಲಿ ಯಾವುದಾದರೂ ಪದ ಒಪ್ಪಿಗೆಯಾಗದಿದ್ದರೆ ಆ ಬೆರಳನ್ನು ಅದರ ಮೇಲೆ ಎರಡು ಸಲ ಬಡಿಯುತ್ತಿದ್ದರು. ಸದ್ದೇ ಆಗುತ್ತಿರಲಿಲ್ಲ. ಆದರೂ ಎದುರಿಗೆ ನಿಂತವನ ಬೆನ್ನು ನೆಟ್ಟಗಾಗುತ್ತಿತ್ತು.

ಬಂಗಾರಪೇಟೆಯ ಕಾಲೇಜಿನಲ್ಲಿ ಅವರು ನಮಗೆ ರಾಜ್ಯಶಾಸ್ತ್ರ ಹೇಳುತ್ತಿದ್ದರು. ಮನೆ ಉರಿಗಾಂನಲ್ಲಿ, ಒಬ್ಬರೇ. ನಾನು ಚಾಂಪಿಯನ್ ರೀಫ್ಸ್‌ನಲ್ಲಿ ಹತ್ತುತ್ತಿದ್ದ ರೈಲನ್ನೇ ಅವರು ಮುಂದಿನ ಸ್ಟೇಷನ್ನಿನಲ್ಲಿ ಹತ್ತುವುದು. ಹುಡುಗರದು ಕೊನೆಯ ಬೋಗಿ, ಮೇಡಂ ಅವರದು ಮೊದಲನೆಯದು. ಅವರ ಹತ್ತಿರ ನಮ್ಮ ಕಾಲೇಜಿನವರು ಯಾರೂ ಕೂರುತ್ತಿರಲಿಲ್ಲ. ಶಿಸ್ತು ಸಮಿತಿಯಲ್ಲಿರುವವರ ಪಕ್ಕ ಯಾರು ತಾನೇ ಕೂರುತ್ತಾರೆ?

ಆ ಸಮಿತಿಯೇ ನನ್ನನ್ನು ಒಂದು ತಿಂಗಳು ಕಾಲೇಜಿನಿಂದ ಹೊರಗಿಟ್ಟದ್ದು. ಚಿನ್ನದ ಗಣಿ ಮುಚ್ಚಿದ ಮೇಲೆ ಅಟೆಂಡರ್ ಕೆಲಸಕ್ಕೆ ಸೇರಿದ್ದ ತಾತ ಒಬ್ಬರಿದ್ದರು. ಆಟದ ಸಾಮಾನಿನ ಕೋಣೆಯಲ್ಲಿ ನಾವು ಇಸ್ಪೀಟು ಆಡುತ್ತಿದ್ದುದನ್ನು ಅವರು ಪ್ರಿನ್ಸಿಪಾಲರಿಗೆ ಹೇಳಿಬಿಟ್ಟರು. ಮಾರನೆಯ ದಿನ ಅವರು ಚಾಪೆ ತರಲು ಅದೇ ಕೋಣೆಗೆ ಹೋದಾಗ ನಾನು ಹೊರಗಿನಿಂದ ಚಿಲಕ ಹಾಕಿ ದೀಪ ಆರಿಸಿದೆ. ಗೆಳೆಯರು ನಗುತ್ತಿದ್ದರು. ತಾತ ಮೊದಲು ಬಾಗಿಲು ಬಡಿದರು, ಬೈದರು, ಆಮೇಲೆ ಸುಮ್ಮನಾದರು. ಹೆದರಿ ಬಾಗಿಲು ತೆಗೆದರೆ, ಮೂಲೆಯಲ್ಲಿ ಮುದುರಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿದ್ದರು. ಭೂಮಿಯೊಳಗೆ ಬಂಡೆ ಸಿಡಿದು ಕುಸಿಯುವುದಕ್ಕೆ ನಮ್ಮ ಕಡೆ ಏರ್ ಬ್ಲಾಸ್ಟ್ ಅನ್ನುತ್ತಾರೆ. ಅಂಥದೊಂದರಲ್ಲಿ ಕತ್ತಲಲ್ಲಿ ಸಿಕ್ಕಿಬಿದ್ದು ಬದುಕಿ ಬಂದ ಜೀವ ಅದು. ಗಣಿಯೂರಿನಲ್ಲಿ ಹುಟ್ಟಿದ ನನಗೆ ಹಾಗೆ ಕೂತದ್ದರ ಅರ್ಥವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಕೂಲಿಗೆ ಹೋಗುವ ಮುಂಚೆ ಅಮ್ಮ ಕಟ್ಟಿಕೊಡುತ್ತಿದ್ದ ಬುತ್ತಿ ಹಿಡಿದು ಎಂದಿನ ರೈಲು ಹತ್ತುವುದು, ಬಂಗಾರಪೇಟೆಯ ಪ್ಲಾಟ್‌ಫಾರಂ ಮೇಲೆ ಸಂಜೆಯ ತನಕ ಕೂರುವುದು, ಮತ್ತೆ ಎಂದಿನ ರೈಲಿಗೆ ವಾಪಸ್ಸು. ಮೊದಮೊದಲು ಗೆಳೆಯರು ಕೈ ಬೀಸಿದರು. ಆಮೇಲೆ ನನ್ನನ್ನು ದಾಟುವಾಗ ಅವರ ಮಾತು ನಿಲ್ಲತೊಡಗಿತು. ಅವರ ಬೋಗಿಗೆ ಹೋಗಲು ನಾಚಿಕೆಯಾಗಿ ಒಂದು ಸಂಜೆ ಮೊದಲನೆಯದಕ್ಕೆ ಹತ್ತಿದೆ. ಎದುರಿಗೆ ಮೇಡಂ! ಇಳಿಯಲು ನೋಡಿದೆ.

"ಕೂತ್ಕೊಳೋ. ಮನೇಲಿ ಹೇಳಿಲ್ಲ, ಅಲ್ವಾ?"

"ಇಲ್ಲ ಮೇಡಂ."

"ಇವತ್ತು ಮೂಲಭೂತ ಹಕ್ಕು ಶುರು ಮಾಡ್ದೆ. ಪುಸ್ತಕ ತೆಗಿ."

"ಮೇಡಂ, ನನ್ನನ್ನ ಸಸ್ಪೆಂಡ್ ಮಾಡಿದೀರಲ್ಲ..."

"ಕಾಲೇಜು ಗೇಟಿನ ಒಳಗೆ ಬರಬಾರದು ಅಂತ ಬರೆದು ಸಹಿ ಹಾಕಿದೀನಿ. ರೈಲಿನ ಮಾತು ಅದರಲ್ಲಿಲ್ಲ. ತೆಗಿಯಪ್ಪಾ, ಉರಿಗಾಂ ಬಂದುಬಿಡ್ತದೆ."

ಆ ತಿಂಗಳೆಲ್ಲ ನನ್ನ ಕಾಲೇಜು ನಡೆದದ್ದು ಹೀಗೆ. ಕೋರಮಂಡಲ್ ಬರುವ ಹೊತ್ತಿಗೆ ಬೋಗಿ ಮುಕ್ಕಾಲು ಖಾಲಿ. ಕಿಟಕಿಯಾಚೆ, ಚಿನ್ನ ಸೋಸಿ ಉಳಿದ ಮಣ್ಣಿನ ಸಯನೈಡ್ ದಿಬ್ಬಗಳು ಸಂಜೆಬಿಸಿಲಿಗೆ ಕಂದುತ್ತಿದ್ದವು. ಪಾಠ ಮುಗಿದರೆ ಮೇಡಂ ಕಡಲೆಕಾಯಿ ಪೊಟ್ಟಣ ಬಿಚ್ಚಿ ಸಿಪ್ಪೆಯನ್ನೆಲ್ಲ ಕೈಚೀಲಕ್ಕೇ ಹಾಕಿಕೊಳ್ಳುತ್ತಿದ್ದರು. ಇಳಿಯುವಾಗ "ನಾಳೆ" ಅನ್ನುತ್ತಿದ್ದರು, ಅಷ್ಟೇ. ತಿಂಗಳು ಮುಗಿಯಿತು. ನಾನು ತರಗತಿಗೂ ಕೊನೆಯ ಬೋಗಿಗೂ ವಾಪಸಾದೆ.

ಡಿಗ್ರಿ ಮುಗಿಸಿ ಬಂಗಾರಪೇಟೆಯ ಮೆಡಿಕಲ್ ಶಾಪಿನಲ್ಲಿ ಕೆಲವು ವರ್ಷ ದುಡಿದೆ. ಲಾ ಓದಬೇಕೆಂಬ ಆಸೆ ಮಾತ್ರ ಬಿಡಲಿಲ್ಲ. ಕೊನೆಗೆ ಅರ್ಜಿ ತಂದರೆ, ಅದರಲ್ಲೊಂದು ಪ್ರಶ್ನೆ: ಹಿಂದೆ ಶಿಸ್ತುಕ್ರಮಕ್ಕೆ ಒಳಗಾಗಿದ್ದೀರಾ? ಹೌದಾದರೆ ವಿವರಿಸಿ. ಇಲ್ಲವೆಂದು ಬರೆದು ಮುಂದೆ ಗೊತ್ತಾದರೆ ಸಿಕ್ಕ ಸೀಟೂ ಹೋಗುತ್ತದೆ. ಹೌದೆಂದರೆ ಸೀಟೇ ಸಿಗದಿರಬಹುದು. ನನಗೆ ಒಂದು ಉಪಾಯ ಹೊಳೆಯಿತು. ಅದು ಬರೀ ತಮಾಷೆ ಎಂದು ನಾನು ಬರೆದು, ಹೌದೆಂದು ಮೇಡಂ ಒಂದು ಪತ್ರ ಕೊಟ್ಟರೆ?

ಅವರು ಆಗಲೇ ನಿವೃತ್ತರು. ಮನೆ ಅದೇ. ಅಕ್ಕಪಕ್ಕದ ಕ್ವಾರ್ಟರ್ಸುಗಳ ಮಾಡು ಕುಸಿದು ಒಳಗೆ ಗಿಡ ಎದ್ದಿದ್ದವು. ಕಾಫಿ ಕೊಡಲು ಎರಡನೆಯ ಲೋಟ ಹುಡುಕಿದರು, ಸಿಕ್ಕ ಮೇಲೆ ಅದರ ಧೂಳು ತೊಳೆದರು. ನಾನು ಬರೆದು ತಂದದ್ದನ್ನು ಓದಿದರು. 'ತಮಾಷೆ' ಎಂಬ ಪದದ ಮೇಲೆ ಬೆರಳು ಎರಡು ಸಲ ಬಿತ್ತು.

"ಯಾರಿಗೆ?"

ನಾನು ಕಾಫಿ ಲೋಟ ಕೆಳಗಿಟ್ಟೆ.

"ತಮಾಷೆ ಆಗಿದ್ರೆ ನಾನು ಹಾಕಿದ ಸಹಿ ಸುಳ್ಳಾ? ಪತ್ರ ಕೊಡ್ತೀನಿ. ಚಿಲಕ ಹಾಕ್ದ ಅಂತಾನೂ ಬರೀತೀನಿ, ರೈಲಲ್ಲಿ ಕೂತು ಓದ್ದ ಅಂತಾನೂ ಬರೀತೀನಿ. ಆ ತಾತನ್ನ ಆಮೇಲೆ ಹೋಗಿ ನೋಡಿದ್ಯಾ?"

"ಇಲ್ಲ."

"ಮತ್ತೆ ಕೊನೇ ಸಾಲಿಗೆ ಏನು ಬರೀತೀಯಪ್ಪಾ?"

ತಾತ ನಮ್ಮ ಗಣಿಯೂರಿನದೇ ಮೈಸೂರು ಮೈನ್ಸ್‌ನ ಸಾಲುಮನೆಯೊಂದರಲ್ಲಿ ಹಾಸಿಗೆ ಹಿಡಿದಿದ್ದರು. ಹೊಸ್ತಿಲಲ್ಲಿ ನಿಂತು ಯಾರೆಂದು ಹೇಳಿದೆ.

"ಓ, ಚಿಲ್ಕ ಆಕ್ದೋನಾ? ಮೀಸೆ ಬಂದೈತಲ್ಲೋ ನಿಂಗೆ!" ಕೆಮ್ಮುತ್ತಲೇ ನಕ್ಕರು.

"ತಪ್ಪಾಯ್ತು ತಾತಾ."

ಅಮ್ಮ ಹೇಗಿದ್ದಾಳೆ, ಎಲ್ಲಿ ಕೆಲಸ ಎಂದೆಲ್ಲ ಕೇಳಿದರು. ಎದ್ದು ಹೊರಟವನು ಅಭ್ಯಾಸದಂತೆ ಬಾಗಿಲು ಎಳೆದುಕೊಂಡೆ. ಹಿಂದಿನಿಂದ ದನಿ ಬಂತು: "ಬಾಗ್ಲು ಮುಚ್ಬೇಡ ಕಣ್ಲಾ. ತೆಗ್ದಿಟ್ಟು ಓಗು."

ಆ ಬಾಗಿಲು ಚಳಿಗಾಲದಲ್ಲೂ ಮುಚ್ಚುವುದಿಲ್ಲವೆಂದು ಪಕ್ಕದ ಮನೆಯಾಕೆ ಹೇಳಿದಳು. ಗಣಿ ಕುಸಿದಾಗಿನಿಂದಲೋ ನಾನು ಚಿಲಕ ಹಾಕಿದಾಗಿನಿಂದಲೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಷ್ಟನ್ನೂ ಬರೆದೆ. ಸಂದರ್ಶನದಲ್ಲಿ ಒಬ್ಬರು ನನ್ನ ಹಾಳೆಯನ್ನೂ ಮೇಡಂ ಪತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಓದಿದರು. "ಎರಡೂ ಒಂದೇ ಹೇಳ್ತಾ ಇವೆಯಲ್ಲ" ಎಂದು ಪಕ್ಕದವರ ಕಡೆ ಸರಿಸಿದರು. ಸೀಟು ಸಿಕ್ಕಿತು.

ಸುದ್ದಿ ಹೇಳಲು ಉರಿಗಾಂಗೆ ಓಡಿದೆ. ಮೇಡಂ ಸಂತೋಷ ತೋರಿಸುವವರಲ್ಲ. ಕಡಲೆಕಾಯಿ ಮುಂದಿಟ್ಟರು. ನಾನು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುವಾಗ, ಎಲ್ಲೋ ನೋಡುತ್ತಾ ಅಂದರು: "ಆ ತಿಂಗಳು ನಂಗೆ ಚೆನ್ನಾಗಿತ್ತು ಕಣಪ್ಪಾ. ಸಾಯಂಕಾಲ ಮಾತಾಡೋಕೆ ಒಬ್ಬರಿದ್ರು. ಶಿಕ್ಷೆ ಮುಗೀತಿದ್ದಂಗೆ ನೀನು ಹಿಂದಿನ ಬೋಗಿಗೆ ಹೋಗ್ಬಿಟ್ಟೆ."

ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತೆ.

ಆಮೇಲೆ ಬಿಡುವಾದಾಗಲೆಲ್ಲ ಹೋಗುತ್ತಿದ್ದೆ. ಕೊನೆಯ ವರ್ಷದ ಪರೀಕ್ಷೆ ಮುಗಿದ ಭಾನುವಾರ ಬರುತ್ತೇನೆಂದು ಹೇಳಿದ್ದೆ. ಅವರು ಶನಿವಾರವೇ ಹೋಗಿಬಿಟ್ಟರು. ಹಾಲಿನವನು ಕೂಗಿ ಕೂಗಿ, ಕಿಟಕಿಯಿಂದ ಇಣುಕಿ ನೋಡಿದನಂತೆ. ಕುಪ್ಪಂ ಕಡೆಯಿಂದ ಅವರ ತಮ್ಮನ ಮಗ ಬರುವವರೆಗೆ ಜಗಲಿಯ ಮೇಲೆ ಇದ್ದದ್ದು ನಾವು ನಾಲ್ಕೈದು ಜನ. ನೀರು ಕುಡಿಯಲು ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲೆ ಎರಡು ಲೋಟ ತೊಳೆದು ಬೋರಲು ಹಾಕಿದ್ದರು.

ಈಗ ಬಂಗಾರಪೇಟೆಯ ಕೋರ್ಟಿಗೆ ಮೊದಲ ಬೋಗಿಯಲ್ಲೇ ಹೋಗುತ್ತೇನೆ. ಕೇಸು ಹಿಡಿದು ಬಂದವರು "ಸುಮ್ನೆ ತಮಾಷೆಗೆ ಒಡ್ದಿದ್ದು ಸಾರ್, ಅಂಗೇ ಬರ್ಕೊಳಿ" ಅಂದರೆ ನನ್ನ ಬೆರಳು ತಾನಾಗಿ ಹಾಳೆಯ ಮೇಲೆ ಎರಡು ಸಲ ಬಡಿಯುತ್ತದೆ. ನನ್ನ ಬೆರಳಿಗೆ ಉಗುರಿದೆ, ಟಕ್ ಟಕ್ ಅನ್ನುತ್ತದೆ. ಅವರದು ಸದ್ದಿಲ್ಲದೆಯೇ ಕೇಳಿಸುತ್ತಿತ್ತು.