ಅಲ್ಲಾದ್ರೆ ಭಾವ

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ‘ಅಲ್ಲಾದ್ರೆ’. ಬಾಯಿ ತೆರೆದರೆ ಅವರಿಂದ ಮೊದಲು ಉದುರುತ್ತಿದ್ದ ಮಾತೇ ಅದು. ಅಲ್ಲಾದ್ರೆ ಬಸ್ಸು ಹೇಳಿದ ಹೊತ್ತಿಗೆ ಬರುತ್ತೆ. ಅಲ್ಲಾದ್ರೆ ಸುಮ್ಮಸುಮ್ಮನೆ ಹಾರ್ನ್ ಹೊಡೆಯೋರೇ ಇಲ್ಲ. ಅಲ್ಲಾದ್ರೆ ನಾಯಿ ಕೂಡ ಎಡಕ್ಕೆ ಬಲಕ್ಕೆ ನೋಡಿ ರಸ್ತೆ ದಾಟುತ್ತೆ. ಈ ನಾಯಿಯ ಮಾತು ಬಂದಾಗಲೆಲ್ಲ ನಾನು, “ಭಾವ, ಆ ನಾಯಿಗೆ ಒಂದು ವೀಸಾ ಕೊಡಿಸಿ ಕರ್ಕೊಂಡು ಬನ್ನಿ, ನಮ್ಮ ಬೀದಿ ನಾಯಿಗಳಿಗೆ ಪಾಠ ಹೇಳಲಿ” ಅನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾದಿನಿಯ ಮಾತಿಗೆ ಮುನಿಸಿಕೊಳ್ಳುವ ಪೈಕಿ ಅಲ್ಲ ಅವರು. ನನ್ನನ್ನು ಕರೆಯುತ್ತಿದ್ದುದೇ ವಕೀಲಮ್ಮ ಅಂತ. ನಾನು ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನರ ಜೊತೆ ವಾದ ಮಾಡುವವಳು, ಅಷ್ಟೇ.

ಭಾವ ಮದುವೆಯಾದ ವರ್ಷವೇ ಹೊರದೇಶಕ್ಕೆ ಹೋದರು. ಅಲ್ಲಿ ಒಂದು ಭಾರಿ ಹೋಟೆಲಿನ ನೆಲಮಾಳಿಗೆಯಲ್ಲಿ ಅವರಿಗೆ ಕೆಲಸ. ಕೋಣೆ ಕೋಣೆಗೂ ನೀರು ಹತ್ತಿಸುವ ಪಂಪು, ಪೈಪು, ವಾಲ್ವು ಎಲ್ಲ ಅವರ ಸುಪರ್ದಿ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ರಜೆ. ಆ ರಜೆಗಳಲ್ಲೇ ಅವರ ಮತ್ತು ನನ್ನ ಅಕ್ಕನ ಸಂಸಾರ ನಡೆಯಿತು. ಮಗಳು ಹುಟ್ಟಿದಳು, ಓದಿದಳು, ಮದುವೆಯಾಗಿ ಗಂಡನ ಮನೆ ಸೇರಿದಳು. ಮನೆ ಎದ್ದದ್ದೂ ಹೀಗೇ. ಅವರು ಕಳಿಸಿದ ದುಡ್ಡಿನಲ್ಲಿ ಅಕ್ಕ ಬಿಸಿಲಲ್ಲಿ ನಿಂತು, ಮೇಸ್ತ್ರಿಯ ಹತ್ತಿರ ಜಗಳವಾಡಿ ಕಟ್ಟಿಸಿದಳು. ಕೆಳಗಡೆ ಅವಳು, ಮೇಲಿನ ಎರಡು ಕೋಣೆಯಲ್ಲಿ ನಾನು. ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಅಕ್ಕ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಮೆಷಿನ್ ತುಳಿಯುವಾಗ ಏನಾದರೊಂದು ಗುನುಗುತ್ತಾಳೆ. ರಾಗ ತಪ್ಪಿರುತ್ತದೆ, ಅದು ಬೇರೆ ವಿಷಯ.

ಭಾವ ರಜೆಗೆ ಬರುವ ಸುದ್ದಿ ಬಂದರೆ ಮನೆಗೆ ಸುಣ್ಣಬಣ್ಣ. ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್, ಕಿರ್ರೆನ್ನುವ ಗೇಟಿಗೆ ಎಣ್ಣೆ. ಬೀರುವಿನಿಂದ ಹೂವಿನ ಚಿತ್ರದ ಪಿಂಗಾಣಿ ಕಪ್ಪು ಹೊರಗೆ ಬರುತ್ತಿತ್ತು. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ತಲೆನೋವು ಬರುವಂತಿಲ್ಲ, ಕರೆಂಟು ಹೋದರೂ ಯಾರೂ ಗೊಣಗುವಂತಿಲ್ಲ. ನಾನು ಅಪ್ಪಿತಪ್ಪಿ ಏನಾದರೂ ಬಾಯಿಬಿಟ್ಟರೆ ಅಕ್ಕ ತೊಡೆ ಚಿವುಟುತ್ತಿದ್ದಳು. “ಒಂದು ತಿಂಗಳಿಗೆ ಅಂತ ಬಂದಿದಾರೆ. ಅವರ ತಲೇಲಿ ಯಾಕೆ ಹುಳ ಬಿಡ್ತೀಯ.” ತನ್ನ ಸ್ವಂತ ಮನೆಗೇ ಅಳಿಯನಾಗಿ ಬಂದುಹೋಗುತ್ತಿದ್ದ ಮನುಷ್ಯ ನಮ್ಮ ಭಾವ.

ಅವರೂ ಅದಕ್ಕೆ ತಕ್ಕ ಹಾಗೇ ಇದ್ದರು. ಅಕ್ಕ ಏನು ಬಡಿಸಿದರೂ “ತುಂಬಾ ಚೆನ್ನಾಗಿದೆ”. ನೀರು ಕೊಟ್ಟರೆ ಥ್ಯಾಂಕ್ಸ್. ಟವೆಲ್ ಕೊಟ್ಟರೆ ಥ್ಯಾಂಕ್ಸ್. ಕಟ್ಟಿಕೊಂಡ ಹೆಂಡತಿಗೆ ದಿನಕ್ಕೆ ಹತ್ತು ಸಲ ಥ್ಯಾಂಕ್ಸ್ ಹೇಳುವ ಗಂಡಸನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಮೊದಮೊದಲು ಅಕ್ಕನ ಮುಖ ಕೆಂಪಾಗುತ್ತಿತ್ತು. ಆಮೇಲಾಮೇಲೆ ಅವಳೂ ಬ್ಯಾಂಕಿನಲ್ಲಿ ಕೂತವಳ ಹಾಗೆ “ಪರವಾಗಿಲ್ಲ” ಅನ್ನತೊಡಗಿದಳು.

ಇದೆಲ್ಲ ಒಂದು ತಿಂಗಳಿಗಾದರೆ ಚೆನ್ನ. ಹೋದ ವರ್ಷ ಹೋಟೆಲಿನವರು ವಯಸ್ಸಾಯಿತೆಂದು ಭಾವನ ಕೈಗೊಂದು ಗಡಿಯಾರ ಕಟ್ಟಿ ಕಳಿಸಿಬಿಟ್ಟರು. ಈ ಸಲ ಬಂದವರು ಹೋಗುವ ಹಾಗಿರಲಿಲ್ಲ. ತಿಂಗಳು ಕಳೆಯಿತು, ಇನ್ನೊಂದು ಕಳೆಯಿತು, ಪಿಂಗಾಣಿ ಕಪ್ಪು ಬೀರುವಿಗೆ ವಾಪಸ್ ಹೋಗಲಿಲ್ಲ. ಅಕ್ಕ ಬೆಳಕು ಹರಿಯುವ ಮುಂಚೆ ಎದ್ದು ಮೂರು ಬಗೆ ಅಡುಗೆ ಮಾಡುತ್ತಿದ್ದಳು. ಮಧ್ಯಾಹ್ನ ಭಾವ ಮಲಗಿದಾಗ ಸದ್ದಾಗಬಾರದೆಂದು ಮೆಷಿನ್ನನ್ನೇ ನನ್ನ ಕೋಣೆಗೆ ಹೊರಿಸಿದಳು. ಗುನುಗುವುದು ನಿಂತುಹೋಯಿತು. ಆ ಕಡೆ ಭಾವ, ಊಟವಾದ ಮೇಲೆ ತಟ್ಟೆ ತೊಳೆಯಲು ಏಳುವುದು, ಅಕ್ಕ “ಅಯ್ಯೋ ಬಿಡಿ” ಎಂದು ಕಿತ್ತುಕೊಳ್ಳುವುದು, ಅವರು ಥ್ಯಾಂಕ್ಸ್ ಅಂದು ಕುರ್ಚಿಯ ಅಂಚಿನಲ್ಲಿ ಕೂರುವುದು. ಬಟ್ಟೆಗಳು ಇನ್ನೂ ಮಂಚದ ಕೆಳಗಿನ ಸೂಟ್‌ಕೇಸಿನಲ್ಲೇ ಇದ್ದವು. ಬೀರುವಿನ ತುಂಬ ಯೂನಿಫಾರ್ಮ್ ಬಟ್ಟೆಯ ಥಾನುಗಳು. ಅವನ್ನು ತೆಗೆ ಅನ್ನಲು ಅವರಿಗೆ ಸಂಕೋಚ, ತೆಗೆಯಲೇ ಎಂದು ಕೇಳಲು ಇವಳಿಗೆ ಭಯ. ಇದನ್ನೆಲ್ಲ ನೋಡಿ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಖಾಲಿ ಹೊತ್ತನ್ನು ಮಾತಿನಿಂದ ತುಂಬಬೇಕಲ್ಲ, ಅದಕ್ಕೆ ‘ಅಲ್ಲಾದ್ರೆ’ ಇನ್ನೂ ಜಾಸ್ತಿಯಾಯಿತು. ಅಲ್ಲಾದ್ರೆ ಗೋಡೆಗೆ ಹಸಿ ಹಿಡಿಯಲ್ಲ. ಅಲ್ಲಾದ್ರೆ ನಲ್ಲಿ ತೊಟ್ಟಿಕ್ಕಲ್ಲ. ಪ್ರತಿ ‘ಅಲ್ಲಾದ್ರೆ’ಗೂ ಅಕ್ಕನ ಮುಖ ಅಷ್ಟಷ್ಟು ಸಣ್ಣದಾಗುವುದು ನನಗೆ ಕಾಣುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ.

ಆದರೆ ನನಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಭಾವನ ಜೊತೆ ಅಲ್ಲಿ ಒಂದೇ ಕೋಣೆಯಲ್ಲಿದ್ದ ಅಡುಗೆಯವರೊಬ್ಬರು ಹಿಂದೊಮ್ಮೆ ಪಾರ್ಸೆಲ್ ಕೊಡಲು ಬಂದಿದ್ದರು. ನಮ್ಮ ಮನೆಯ ನೀರು ಕುಡಿದು ಲೋಟವನ್ನೇ ದಿಟ್ಟಿಸಿ ನೋಡಿದರು. “ಇದೇನಾ ಆ ನೀರು? ನಿಮ್ಮ ಭಾವ ಅಲ್ಲಿ ನಮ್ಮ ತಲೆ ತಿಂದುಬಿಟ್ಟಿದಾರೆ. ನಮ್ಮೂರಲ್ಲಾದ್ರೆ ನೀರು ಸಿಹಿ, ನಮ್ಮೂರಲ್ಲಾದ್ರೆ ಗಾಳಿ ತಂಪು. ಒಂದು ಕೋಣೇಲಿ ಆರು ಜನ, ಸಾಲಾಗಿ ಮಲಗಿರ್ತೀವಿ, ಎದ್ದು ಹೋಗೋಣ ಅಂದ್ರೂ ದಾರಿ ಇಲ್ಲ” ಅಂದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಕ್ಕ ಆಗ ಮಾರುಕಟ್ಟೆಗೆ ಹೋಗಿದ್ದಳು. ಆಮೇಲೆ ಹೇಳಿದರೆ, “ನನ್ನ ಸಮಾಧಾನಕ್ಕೆ ಏನೇನೋ ಕಟ್ಟಬೇಡ” ಅಂದುಬಿಟ್ಟಳು.

ಹೀಗಿರುವಾಗ ಹೋಟೆಲಿನ ಹಳೆಯ ಮ್ಯಾನೇಜರ್ ಫೋನ್ ಮಾಡಿದರು. ಹೊಸಬನಿಗೆ ನೆಲಮಾಳಿಗೆ ನಿಭಾಯಿಸಲು ಆಗುತ್ತಿಲ್ಲ, ಎರಡು ವರ್ಷದ ಮಟ್ಟಿಗೆ ಬನ್ನಿ, ಶನಿವಾರದೊಳಗೆ ಹೇಳಿ ಅಂದರು. ಭಾವ ಅಕ್ಕನಿಗೆ ಹೇಳಿದರು, “ನಿನಗೆ ತೊಂದರೆ ಇಲ್ಲ ಅಂದ್ರೆ ಹೋಗ್ತೀನಿ.” ಅಕ್ಕ ಅಂದಳು, “ನಿಮಗೆ ಅಲ್ಲೇ ಚೆನ್ನಾಗಿ ಅನ್ನಿಸಿದ್ರೆ ಹೋಗಿ.” ಬಸ್ಸಿನ ಬಾಗಿಲಲ್ಲಿ ನೀವು ಹತ್ತಿ ನೀವು ಹತ್ತಿ ಎನ್ನುತ್ತ ಬಸ್ಸನ್ನೇ ಬಿಟ್ಟುಕೊಡುವವರ ಹಾಗೆ ಇಬ್ಬರೂ.

ಅವತ್ತು ಅಕ್ಕ ಮೇಲೆ ಬಂದು ಮೆಷಿನ್ ಮುಂದೆ ಕೂತವಳು ಸೂಜಿಗೆ ದಾರ ಪೋಣಿಸಲಾಗದೆ ಅತ್ತಳು. “ನನ್ನ ಜೊತೆ ಇರೋದು ಅವರಿಗೆ ಹಿಡಿಸ್ತಿಲ್ಲ ಕಣೇ. ಹೋಗಬೇಡಿ ಅಂತ ಯಾವ ಮುಖ ಇಟ್ಕೊಂಡು ಹೇಳಲಿ? ನೀನು ಅವರಿಗೆ ಹೇಳಿದ್ರೆ ನನ್ನಾಣೆ.”

ಸಂಜೆ ಟೆರೇಸಿನಲ್ಲಿ ಭಾವ ಒಬ್ಬರೇ ನಿಂತಿದ್ದರು. “ನಿಜ ಹೇಳಿ ಭಾವ, ಹೋಗೋಕೆ ಇಷ್ಟ ಇದೆಯಾ?” ಅಂದೆ.

“ಇಷ್ಟಾನಾ? ಆ ನೆಲಮಾಳಿಗೇಲಿ ಹೊತ್ತು ಹುಟ್ಟಿದ್ದು ಗೊತ್ತಾಗಲ್ಲ, ಮುಳುಗಿದ್ದು ಗೊತ್ತಾಗಲ್ಲ. ಆದ್ರೆ ನಾನು ಬಂದಾಗಿನಿಂದ ನಿನ್ನ ಅಕ್ಕ ಸೊರಗಿದಾಳೆ ವಕೀಲಮ್ಮ. ಮೆಷಿನ್ ಕೂಡ ಮೇಲೆ ತಂದಿಟ್ಕೊಂಡಿದಾಳೆ, ನನ್ನ ಮುಖ ನೋಡೋಕಾಗದೆ. ಅವಳಿಗೆ ಅವಳ ಮನೆ ಬಿಟ್ಟುಕೊಡೋದೇ ಸರಿ. ಇದನ್ನ ಅವಳಿಗೆ ಹೇಳಬೇಡ, ನಿನ್ನ ಕಾಲಿಗೆ ಬೀಳ್ತೀನಿ.”

ಒಬ್ಬಳ ಆಣೆ, ಇನ್ನೊಬ್ಬರ ಬೇಡಿಕೆ. ಮಾತೇ ಉಸಿರಾಗಿರುವ ನನ್ನ ಬಾಯಿಗೆ ಗಂಡ ಹೆಂಡತಿ ಸೇರಿ ಎರಡು ಬೀಗ ಜಡಿದರು. ಆ ವಾರ ಅಂಚೆ ಕಚೇರಿಗೆ ಬಂದ ಜನರ ಪಾಡು ಕೇಳಬೇಡಿ. ಒಬ್ಬರೂ ನನ್ನ ಹತ್ತಿರ ಬೈಸಿಕೊಳ್ಳದೆ ಹೋಗಲಿಲ್ಲ.

ಶುಕ್ರವಾರ ಮಧ್ಯಾಹ್ನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಕೆಳಗಿನಿಂದ ಅಕ್ಕನ ಫೋನು. ಪಿಸುಮಾತು. “ಬೇಗ ಬಾ. ಚಪ್ಪಲಿ ಹಾಕ್ಕೋಬೇಡ, ಸದ್ದಾಗುತ್ತೆ.” ಇಳಿದು ನೋಡಿದರೆ ಬಚ್ಚಲ ಗೋಡೆಯೊಳಗೆ ಪೈಪು ಒಡೆದು ನೀರು ನಡುಮನೆಗೆ ನುಗ್ಗಿದೆ. ಹೊಲಿದಿಟ್ಟ ಯೂನಿಫಾರ್ಮಿನ ಗಂಟುಗಳನ್ನು ಅಕ್ಕ ಮೇಜಿನ ಮೇಲೆ ಹೇರಿ, ಸೀರೆ ಎತ್ತಿಕಟ್ಟಿ, ಮಗ್ಗಿನಲ್ಲಿ ನೀರು ಮೊಗೆದು ಬಕೆಟ್ಟಿಗೆ ಸುರಿಯುತ್ತಿದ್ದಾಳೆ. ಅದೂ ಸದ್ದಾಗದ ಹಾಗೆ, ಬಕೆಟ್ಟಿನ ಅಂಚಿಗೆ ತಾಗಿಸಿ. ಭಾವ ಮಲಗಿದ್ದ ಕೋಣೆಯ ಬಾಗಿಲು ಮೆತ್ತಗೆ ಮುಚ್ಚಿದೆ.

“ಭಾವನ್ನ ಎಬ್ಬಿಸು” ಅಂದೆ.

“ಸುಮ್ಮನಿರು. ನಲ್ಲಿ ರಿಪೇರಿಯವನಿಗೆ ಫೋನ್ ಮಾಡಿದೀನಿ. ಹಿತ್ತಲಿನ ವಾಲ್ವ್ ತುಕ್ಕು ಹಿಡಿದು ತಿರುಗ್ತಿಲ್ಲ, ಅವನು ಬಂದು ನೋಡ್ತಿದಾನೆ. ಅವರು ಏಳೋದ್ರೊಳಗೆ ಮುಗಿದುಹೋಗುತ್ತೆ.”

ಅಷ್ಟರಲ್ಲಿ ಹಿತ್ತಲಲ್ಲಿ ರಿಪೇರಿಯವನು ವಾಲ್ವಿಗೆ ಸ್ಪ್ಯಾನರಿನಿಂದ ಬಡಿದ. ಇಡೀ ಮನೆ ಗುಂಯ್ ಅಂದಿತು. ಬಾಗಿಲು ತೆರೆಯಿತು. ಭಾವ ಬನಿಯನ್ನಿನಲ್ಲಿ ಬಂದು ಪಾದ ಮುಳುಗುವ ನೀರಲ್ಲಿ ನಿಂತರು.

“ಏನಾಯ್ತು?”

“ಏನೂ ಇಲ್ಲ, ನೀವು ಮಲಗಿ” ಅಂದಳು ಅಕ್ಕ, ಕೈಯಲ್ಲಿ ಮಗ್ಗು ಹಿಡಿದುಕೊಂಡೇ.

“ಹಿಂದೆ ಯಾರದು?”

“ಪೈಪ್ ರಿಪೇರಿಯವನು. ಈಗ ಆಗೋಗುತ್ತೆ.”

ಭಾವನ ಮುಖ ನಾನು ಅಷ್ಟು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. “ನಾನು ಅಲ್ಲಿ ಏನು ಕೆಲಸ ಮಾಡ್ತಿದ್ದೆ ಅಂತ ನಿನಗೆ ಗೊತ್ತಾ?” ಅಂದರು. “ಪೈಪಿನ ಕೆಲಸ ಕಣೇ. ಜೀವಮಾನವೆಲ್ಲ ಅದನ್ನೇ ಮಾಡಿದೀನಿ. ನನ್ನ ಮನೇಲಿ ಪೈಪ್ ಒಡೆದ್ರೆ ನನ್ನನ್ನ ಮಲಗಿಸಿ, ಬಾಗಿಲು ಹಾಕಿ, ಬೇರೆಯವರನ್ನ ಕರೀತೀಯಾ? ನಾನೇನು ನಿನ್ನ ಮನೆಗೆ ಬಂದ ನೆಂಟನಾ?”

ಅಕ್ಕ ಮಗ್ಗು ಕೆಳಗೆ ಬಿಟ್ಟಳು. ಅದು ತೇಲಿಕೊಂಡು ನನ್ನ ಕಾಲ ಹತ್ತಿರ ಬಂತು. “ಎಬ್ಬಿಸಿ ಏನು ಕೇಳಿಸಿಕೊಳ್ಳಲಿ? ‘ಅಲ್ಲಾದ್ರೆ’ ಅಂತ ತಾನೇ ಶುರು ಮಾಡ್ತಿದ್ರಿ? ಅಲ್ಲಿ ಗೋಡೆ ಹಸಿ ಹಿಡಿಯಲ್ಲ, ಅಲ್ಲಿ ನಲ್ಲಿ ತೊಟ್ಟಿಕ್ಕಲ್ಲ, ಅಲ್ಲಿ ಪೈಪೂ ಒಡೆಯಲ್ಲ. ನಾನು ಕಟ್ಟಿಸಿದ ಮನೇಲಿ ಮಾತ್ರ ಎಲ್ಲಾ ಒಡೆಯುತ್ತೆ.”

“ಯಾರು ಹೇಳಿದ್ದು ಅಲ್ಲಿ ಒಡೆಯಲ್ಲ ಅಂತ?”

“ನೀವೇ.”

“ಒಡೆಯದೆ ಇದ್ದಿದ್ರೆ ನನಗ್ಯಾಕೆ ಅವರು ಅಷ್ಟು ವರ್ಷ ಸಂಬಳ ಕೊಡ್ತಿದ್ರು? ದಿನಾ ಒಡೆಯೋದು. ದಿನಾ ನಾನು ಹೀಗೇ ನೀರಲ್ಲಿ ನಿಂತಿರ್ತಿದ್ದೆ.”

ನಾನು ಮಗ್ಗು ಎತ್ತಿಕೊಂಡು ಗೋಡೆಗೆ ಒರಗಿದೆ. ಇಷ್ಟು ಸರಳವಾದ ಮಾತು ಅಕ್ಕನಿಗಾಗಲಿ ನನಗಾಗಲಿ ಇಷ್ಟು ವರ್ಷ ಹೊಳೆದಿರಲಿಲ್ಲ.

“ಮತ್ತೆ ಯಾಕೆ ಹಾಗೆ ಹೇಳ್ತಿದ್ರಿ?” ಅಂದಳು ಅಕ್ಕ.

“ಅಲ್ಲಿ ಕಷ್ಟ ಅಂದಿದ್ರೆ ನೀನು ಇಲ್ಲಿ ಊಟ ಬಿಡ್ತಿದ್ದೆ. ಅದಕ್ಕೆ ಹೇಳಿದ್ದು. ಆಮೇಲೆ ಅದೇ ನಾಲಿಗೆಗೆ ಅಂಟಿಕೊಳ್ತು.”

ಹಿತ್ತಲ ಬಾಗಿಲಲ್ಲಿ ರಿಪೇರಿಯವನು ಇಣುಕಿದ. “ಅಮ್ಮಾ, ವಾಲ್ವ್ ಅಲ್ಲಾಡ್ತಿಲ್ಲ. ಮಾತು ಮುಗಿಯೋದು ತಡ ಆದ್ರೆ ನಾನು ಟೀ ಕುಡ್ಕೊಂಡು ಬರ್ತೀನಿ.”

ಭಾವ ಬನಿಯನ್ನಿನಲ್ಲೇ ಎರಡು ಹೆಜ್ಜೆ ಹಾಕಿದವರು ನಿಂತುಬಿಟ್ಟರು. ಅಲ್ಲಿಯ ನೆಲಮಾಳಿಗೆಯಲ್ಲಿ ದೀಪವಿಲ್ಲದೆ ಯಾವ ವಾಲ್ವನ್ನಾದರೂ ಮುಟ್ಟಿ ಗುರುತಿಸಬಲ್ಲ ಮನುಷ್ಯ ಹೆಂಡತಿಯ ಕಡೆ ತಿರುಗಿ, ಮೆತ್ತಗೆ, “ನಮ್ಮ ಮನೆ ವಾಲ್ವ್ ಎಲ್ಲಿದೆ?” ಎಂದು ಕೇಳಿದರು. ಅಕ್ಕ ಅವರ ಮಣಿಕಟ್ಟು ಹಿಡಿದು, ಜಾರದಂತೆ ನಡೆಸಿಕೊಂಡು, ಹಿತ್ತಲಲ್ಲಿ ನನ್ನ ಮೆಟ್ಟಿಲಿನ ಕೆಳಗೆ ಒಡೆದ ಹೂಕುಂಡಗಳ ಹಿಂದೆ ಇದ್ದ ವಾಲ್ವಿನ ಹತ್ತಿರ ಕರೆದೊಯ್ದಳು.

ಭಾವ ಅದಕ್ಕೆ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ, ಬಲಪ್ರಯೋಗ ಮಾಡದೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಅಲುಗಿಸುತ್ತ ಕೊನೆಗೂ ತಿರುಗಿಸಿದರು. ನೀರು ನಿಂತಿತು. ಆಮೇಲೆ ರಿಪೇರಿಯವನೂ ಅವರೂ ಬಚ್ಚಲ ಗೋಡೆ ಒಡೆದು ಕೂತರು. ಯಾವ ಜಾಯಿಂಟ್ ಹಾಕಬೇಕೆಂದು ಇಬ್ಬರಿಗೂ ವಾದ ಹತ್ತಿತು. ಅಕ್ಕ ನೆಲ ಒರೆಸುತ್ತ, ಇನ್ನೂ ಕೋಪದಲ್ಲೇ, “ನಾಳೆ ಶನಿವಾರ. ಹೋಗೋದಾದ್ರೆ ಹೋಗಿ. ಆದ್ರೆ ಈ ಗೋಡೆ ಮುಚ್ಚಿ, ಪ್ಲಾಸ್ಟರ್ ಮಾಡಿ ಹೋಗಿ” ಅಂದಳು.

ಭಾವ ಗೋಡೆಯೊಳಗೆ ಟಾರ್ಚು ಬಿಟ್ಟು ನೋಡುತ್ತಲೇ ಇದ್ದರು. “ಒಳಗೆ ಎಲ್ಲಾ ಪೈಪೂ ಬದಲಾಯಿಸಬೇಕು.”

“ಅದಕ್ಕೆಷ್ಟು ದಿನ ಬೇಕು?”

“ನೀಟಾಗಿ ಮಾಡೋದಾದ್ರೆ ಮುಗಿಯೋ ಕೆಲಸ ಅಲ್ಲ ಇದು” ಅಂದರು. ಟಾರ್ಚು ಆರಿಸಿ ಅಕ್ಕನನ್ನು ನೋಡಿದರು. “ಮುಗಿಸು ಅಂತ ನೀನು ಅವಸರ ಮಾಡಬಾರದು.”

ಅಕ್ಕ ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. “ನಾನ್ಯಾಕೆ ಅವಸರ ಮಾಡಲಿ” ಅಂದಳು.

ನಾನು ಅಲ್ಲೇ ಬಚ್ಚಲ ಒದ್ದೆ ಹೊಸ್ತಿಲ ಮೇಲೆ ಕೂತೆ. ನನ್ನ ಬಾಯಿಯ ಎರಡೂ ಬೀಗ ತಾವಾಗಿಯೇ ಕಳಚಿದ್ದವು, ಆದರೆ ಆಡಲು ಮಾತೇ ಉಳಿದಿರಲಿಲ್ಲ.

ಸೂಟ್‌ಕೇಸಿನ ತಳಕ್ಕೂ ನೀರು ಹೊಕ್ಕಿತ್ತು. ಅದರೊಳಗಿನ ಅಂಗಿ, ಪ್ಯಾಂಟು, ಬನಿಯನ್ನು ಎಲ್ಲವನ್ನೂ ಟೆರೇಸಿನ ಹಗ್ಗದ ಮೇಲೆ ನಾನೇ ಹರವಿದೆ. ಒಣಗಿದ ಮೇಲೆ ಅಕ್ಕ ಮಡಚಿ ಬೀರುವಿನಲ್ಲಿಟ್ಟಳು. ಬೀರುವಿನ ಥಾನುಗಳು ಮೆಷಿನ್ ಜೊತೆ ಬೀದಿ ಕಡೆಯ ಕೋಣೆಗೆ ಹೋದವು. ಶನಿವಾರ ಬೆಳಿಗ್ಗೆ ಭಾವ ಮ್ಯಾನೇಜರಿಗೆ ಫೋನಿನಲ್ಲಿ, ಇಲ್ಲೇ ಒಂದು ಕೆಲಸ ಸಿಕ್ಕಿದೆ, ಬರಲಾಗುವುದಿಲ್ಲ ಎಂದು ಹೇಳುವುದು ನನ್ನ ಕೋಣೆಯವರೆಗೂ ಕೇಳಿಸಿತು. ಪಾಪ, ಆ ಮ್ಯಾನೇಜರ್ ಅದ್ಯಾವ ದೊಡ್ಡ ಕಂಪನಿ ಅಂದುಕೊಂಡರೋ.

ಅದಾಗಿ ಸ್ವಲ್ಪ ಹೊತ್ತಿಗೆ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಏದುಸಿರು. ಕಣ್ಣಲ್ಲಿ ನೀರು, ಆದರೆ ನಗು ತಡೆಯಲಾಗುತ್ತಿಲ್ಲ. ನಾನು ಗಾಬರಿಯಾಗಿ ಎದ್ದೆ.

“ಸ್ಟೀಲ್ ಲೋಟದಲ್ಲಿ ಟೀ ಕೊಟ್ಟೆ ಕಣೇ” ಅಂದಳು. “ಗೋಡೆ ಕೆರೀತಾ ಇದ್ದವರು ತಿರುಗಿ ನೋಡದೆ ಕುಡಿದು, ಲೋಟ ಕೆಳಗಿಟ್ಟು, ‘ಸಕ್ಕರೆ ಕಮ್ಮಿ’ ಅಂದ್ರು.”

“ಆಮೇಲೆ?”

“ಅಷ್ಟೇ. ಥ್ಯಾಂಕ್ಸ್ ಹೇಳಲಿಲ್ಲ.”