ಅತ್ತೆ ತೋರಿಸಲು ಹೋದ ಅಡವಿ

ನನ್ನ ಅತ್ತೆಯ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಬಾರಿಹಣ್ಣು ಕೀಳಲು ಹೋಗಿ, ಮುಳ್ಳು ಗೆಣ್ಣಿನೊಳಗೆ ಮುರಿದುಕೊಂಡಿತ್ತಂತೆ. ಗಾಯ ಮಾಗಿತು, ಬೆರಳು ನೆಟ್ಟಗೇ ಉಳಿಯಿತು. ರೊಟ್ಟಿ ಬಡಿಯುವಾಗ ಅದೊಂದು ಬೆರಳು ಮೇಲೆದ್ದು ನಿಂತಿರುತ್ತಿತ್ತು. ಸುಮ್ಮನೆ ಮಾತಾಡಿದರೂ ಯಾರನ್ನೋ ಬೈಯುತ್ತಿರುವಂತೆ ಕಾಣುತ್ತಿತ್ತು. ಬಹಳ ಸಲ ಬೈಯುತ್ತಲೇ ಇರುತ್ತಿದ್ದರು: ನೀರು ಬಾರದ ನಳಕ್ಕೆ, ಓಣಿಗೆ ಅಡ್ಡ ಕಾರು ನಿಲ್ಲಿಸಿ ದರ್ಶನಕ್ಕೆ ಹೋದವರಿಗೆ, ಮರಾಠಿ ಶಾಲೆಯಲ್ಲಿ ಕಲಿತು ಕನ್ನಡ ಓದಲು ಬಾರದ ತಮ್ಮ ಮಗನಿಗೆ. ಆ ಮಗನೇ ನನ್ನ ಗಂಡ.

ನಾನು ಹಳಿಯಾಳದ ಕಡೆಯವಳು. ನಮ್ಮ ಹಿತ್ತಲು ಮುಗಿದಲ್ಲಿ ಸಾಗವಾನಿ ಕಾಡು ಶುರುವಾಗುತ್ತಿತ್ತು. ಮದುವೆಯಾಗಿ ಗಡಿಯಾಚೆಯ ಯಾತ್ರೆಯ ಊರು ಅಕ್ಕಲಕೋಟಕ್ಕೆ ಬಂದದ್ದು ಸುಡು ಬೇಸಿಗೆಯಲ್ಲಿ. ಸೊಲ್ಲಾಪುರ ಬಿಟ್ಟು, ಎಂಐಡಿಸಿ ಕೈಗಾರಿಕಾ ಪ್ರದೇಶದ ಮಗ್ಗಗಳ ಸದ್ದು ಹಿಂದೆ ಬಿದ್ದ ಮೇಲೆ ಬಸ್ಸಿನ ಕಿಟಕಿಯಲ್ಲಿ ಕಂಡದ್ದು ಬರೀ ಕರಿ ನೆಲ, ಅಗಲ ಮಾಡಿದ ರಸ್ತೆ, ಅದರ ಬದಿಗೆ ಕಡಿದ ಬೇವಿನ ಬೊಡ್ಡೆಗಳು. ಊರು ಬಂತು. ಲಾಡ್ಜು, ಪ್ರಸಾದದ ಅಂಗಡಿ, ನಾನು ಓದಿ ಮುಗಿಸುವಷ್ಟರಲ್ಲಿ ದಾಟಿಹೋಗುವ ಮರಾಠಿ ಬೋರ್ಡು, ಮತ್ತೆ ಲಾಡ್ಜು. ಮಧ್ಯಾಹ್ನ ಹೊರಗೆ ಕಾಲಿಟ್ಟರೆ ನಿಲ್ಲಲು ನೆರಳಿಲ್ಲ. ಕೆಲವೇ ದಿನಗಳಲ್ಲಿ ಊರು ಸಾಕಾಗಿಹೋಯಿತು.

ಒಂದು ಸಂಜೆ ಮಾಳಿಗೆಯ ಮೇಲೆ ಒಣಗಿದ ಸಂಡಿಗೆ ತೆಗೆಯುವಾಗ ತಡೆಯದೆ ಕೇಳಿಬಿಟ್ಟೆ. "ಅತ್ತಿ, ನಿಮ್ಮೂರಾಗ ಗಿಡಾನ ಇಲ್ಲೇನ್ರಿ?"

ಅವರ ಕೈ ನಿಂತಿತು. "ಯಾರ ಹೇಳಿದ್ರು ನಿನಗ? ನಮ್ದ ಕುರಣ ಐತಿ, ಹನ್ನೂರ ದಾರ್ಯಾಗ. ಅಲ್ಲಿ ನವಲ ಕೂಗೂದು ಕೇಳಿಲ್ಲ ನೀ. ನಾಳಿ ಮುಂಜಾನೆ ನಡಿ, ತೋರಸ್ತೀನಿ."

ಕುರಣ ಎಂದರೆ ಉಳುಮೆ ಮಾಡದೆ ಹುಲ್ಲಿಗೆಂದು ಬಿಟ್ಟ ಜಾಗ. ಈ ಮನೆತನದವರು ತಲೆಮಾರುಗಳಿಂದ ಹಾಗೆ ಬಿಟ್ಟಿದ್ದರಿಂದ ಜಾಲಿ, ಮುತ್ತಲ, ಬನ್ನಿ, ಬಾರಿ ತಾವಾಗಿ ಬೆಳೆದು ಅಡವಿಯೇ ಆಗಿತ್ತಂತೆ. ಮಾವ ತೀರಿಕೊಂಡ ಮೇಲೆ ಪಾಲಿನಲ್ಲಿ ಅದು ಅವರ ತಮ್ಮನಿಗೆ ಹೋಗಿತ್ತು. ನನ್ನ ಗಂಡ ಅವರನ್ನು ಕಾಕಾ ಎನ್ನುತ್ತಿದ್ದುದರಿಂದ ನಾನೂ ಹಾಗೇ ಕರೆಯುತ್ತಿದ್ದೆ. ಪಾಲು ಯಾರದಾದರೇನು, ಅತ್ತೆಗೆ ಆ ಕುರಣ "ನಮ್ದ". ಮದುವೆಯಾಗಿ ಬಂದ ಹೊಸದರಲ್ಲಿ, ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇಲ್ಲದಾಗ, ಕಟ್ಟಿಗೆಯ ನೆಪ ಮಾಡಿ ಅಲ್ಲಿ ಹೋಗಿ ಕೂರುತ್ತಿದ್ದರಂತೆ. ಮರುದಿನ ಬಸ್ಸಿನಲ್ಲಿ ಉದ್ದಕ್ಕೂ ಅದನ್ನೇ ಹೇಳಿದರು.

"ಒಮ್ಮೆ ಒಂದ ಚಿಗರಿ ಬಂದು ಇಷ್ಟ ಸನೇಕ ನಿಂತಿತ್ತು. ಅದಕ್ಕ ನಾ ಹೊಸಬಿ, ನನಗ ಅದು ಹೊಸಾದು. ಒಬ್ರನ್ನೊಬ್ರು ನೋಡಕೋತ ನಿಂತ್ವಿ."

ಬಸ್ಸಿಳಿದು ನಡೆದೆವು. ಒಂದು ತಿರುವು ದಾಟಿದ ಕೂಡಲೇ ಅತ್ತೆ ನಿಂತರು. ದಾರಿ ತಪ್ಪಿದವರಂತೆ ಹಿಂದೆ ನೋಡಿದರು, ಮುಂದೆ ನೋಡಿದರು. ಎದುರಿಗೆ ಅಂಗೈಯಂತೆ ಸಪಾಟಾದ ನೆಲ. ಜೆಸಿಬಿ ಓಡಾಡಿದ ಗುರುತು, ಸುಣ್ಣ ಬಳಿದ ಗಡಿಗಲ್ಲುಗಳು, ಪ್ಲಾಟು ಮಾರಾಟಕ್ಕಿವೆ ಎಂಬ ಮರಾಠಿ ಬೋರ್ಡು. ಅಂಚಿಗೆ ಬುಡಮೇಲಾದ ಬೇರುಗಳ ರಾಶಿ. ಅತ್ತೆ ಬಗ್ಗಿ ಒಂದು ಬೇರು ಮುರಿದು ಮೂಸಿ ನೋಡಿದರು.

"ಇನ್ನಾ ಹಸೀ ಐತಿ," ಎಂದರು. ಬೇರನ್ನು ರಾಶಿಯ ಮೇಲಿಟ್ಟು, "ನಾವು ನಿನ್ನ ಲಗ್ನಕ್ಕ ಹಳಿಯಾಳಕ್ಕ ಹೋದಾಗ ಕಡದಾರ."

ನಮ್ಮ ಮದುವೆಯ ಅಕ್ಕಿಕಾಳು ಬಿದ್ದ ಕೂಡಲೇ ಊಟಕ್ಕೂ ನಿಲ್ಲದೆ ಕಾಕಾ ಹೊರಟುಬಿಟ್ಟದ್ದು ಆಗ ನನಗೆ ನೆನಪಾಯಿತು.

ಊರಿಗೆ ಬಂದಿಳಿದ ಅತ್ತೆ ಮನೆಗೆ ಹೋಗದೆ ನೇರ ಕಾಕಾನ ಮನೆಗೆ ನಡೆದರು. ಹಿಂದೆ ನಾನು. ಅತ್ತೆ ಕೂರಲಿಲ್ಲ.

"ವೈನಿ, ಅದು ನನ್ನ ಪಾಲಿಂದ ಐತ್ರಿ," ಎಂದರು ಕಾಕಾ, ಅತ್ತಿಗೆ ಕೇಳುವ ಮೊದಲೇ. "ಜಾಲಿಕಂಟಿ, ಹಾವು. ಏನಿತ್ತ್ರಿ ಅದ್ರಾಗ?"

"ನಿಂದ ಐತಿ, ಇಲ್ಲ ಅಂದಿಲ್ಲ ನಾ. ನಾ ಊರಾಗ ಇದ್ದಾಗ ಯಾಕ ಕಡೀಲಿಲ್ಲ?"

ಕಾಕಾ ತಲೆ ತಗ್ಗಿಸಿದರು. "ನೀವು ಇದ್ದಿದ್ರ ಅಡ್ಡ ಬಂದು ನಿಂದರ್ತಿದ್ರಿ. ನಿಮ್ಮನ್ನ ದಾಟಿ ಕಡಿಯೂ ಧೈರ್ಯ ನನಗಿಲ್ರಿ, ವೈನಿ."

ಚಹಾ ಬಂತು. ಅತ್ತೆ ಮುಟ್ಟದೆ ಹೊರಬಿದ್ದರು. ಮುಂದೆ ಆ ಮನೆಯ ನೀರು ಕುಡಿಯಲಿಲ್ಲ.

ಆಮೇಲೆ ಮರ ಕಡಿದದ್ದರ ದೂರು ಹಿಡಿದು ಕಚೇರಿಗಳು. ಊರಲ್ಲೊಂದು, ಸೊಲ್ಲಾಪುರದಲ್ಲೊಂದು; ಆ ಬಿಸಿಲಿನಲ್ಲಿ ಜೊತೆಗೆ ನಾನು. ಒಬ್ಬ ಸಾಹೇಬರು ಮರ್ಯಾದೆಯಿಂದಲೇ ಹೇಳಿದರು: "ಆಜೀ, ಖಾಸಗೀ ಜಾಗಾ ಆಹೇ. ಆಮ್ಹೀ ಕಾಯ್ ಕರಣಾರ್?" ಖಾಸಗಿ ಜಾಗ, ನಾವೇನು ಮಾಡಲಾದೀತು ಎಂದು. ಅತ್ತೆ ಮರಾಠಿಯಲ್ಲಿ ಅವರೊಡನೆ ವಾದಿಸಿ, ಮೆಟ್ಟಿಲಿಳಿಯುವಾಗ ಕನ್ನಡದಲ್ಲಿ ನನಗೆ ಹೇಳಿದರು: "ಎಲ್ಲಾರೂ ಖುರ್ಚಿ ಕೊಡ್ತಾರ. ಉತ್ತರ ಯಾರೂ ಕೊಡೂದಿಲ್ಲ."

ಮಳೆ ಬಿದ್ದ ಮೇಲೆ ಬೇವಿನ ಸಸಿ ಹಿಡಿದು ನನ್ನನ್ನೂ ಎಳೆದುಕೊಂಡು ಮತ್ತೆ ಅಲ್ಲಿಗೇ ಹೋದರು. ಪ್ಲಾಟುಗಳ ಹೊರಗೆ, ರಸ್ತೆಯಂಚಿಗೆ ನೆಟ್ಟೆವು. ಆಡುಗಳು ತಿಂದವು. ಮುಂದಿನ ಮಳೆಗೆ ಮುಳ್ಳುಬೇಲಿ ಕಟ್ಟಿ ನೆಟ್ಟೆವು. ಅದೇ ಸಾಲಿನಲ್ಲಿ ಗಟಾರು ತೋಡಿದರು. ನನ್ನ ಗಂಡ, "ಅವ್ವಾ, ಸೋಡ್ ನಾ ಆತಾ, ಬಿಟ್ಟಬಿಡು," ಎಂದು ಕೈ ಮುಗಿಯುತ್ತಿದ್ದರು. ಅತ್ತೆ ಬಿಡಲಿಲ್ಲ. ಹೋದಾಗಲೆಲ್ಲ ಇಲ್ಲಿ ಜೇನು ಕಟ್ಟುವ ಮುತ್ತಲ ಇತ್ತು, ಇಲ್ಲಿ ಮೊಲದ ಬಿಲ ಇತ್ತು ಎಂದು ಖಾಲಿ ನೆಲ ತೋರಿಸುವರು. ಬೆವರೊರೆಸಿಕೊಳ್ಳುತ್ತ ಒಮ್ಮೆ ಕೇಳಿದೆ: "ಬ್ಯಾಸರ ಬರೂದಿಲ್ಲೇನ್ರಿ ನಿಮಗ?"

"ಬ್ಯಾಸರ ಬಂದಿದ್ರ ಮನ್ಯಾಗ ಮಲಗತಿದ್ದೆ. ನನಗ ಸಿಟ್ಟ ಬಂದೈತಿ."

ಹೋದ ವರ್ಷ ಅವರಿಗೆ ಉಸಿರಿನ ತೊಂದರೆ ಹೆಚ್ಚಾಗಿ ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದೆವು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದರು. "ಅಡವಿ ತೋರಸ್ತೀನಿ ಅಂತ ನಿನ್ನ ಕರಕೊಂಡ ಹೋದೆ. ಬಯಲ ತೋರಿಸಿ ಕರಕೊಂಡ ಬಂದೆ."

"ಅಡವೀನೂ ತೋರಿಸೀರಿ, ಅತ್ತಿ," ಎಂದೆ. ಅವರನ್ನು ಸಮಾಧಾನಪಡಿಸಲು ಹೇಳಿದ್ದಲ್ಲ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆ ವಾರವೇ ತೀರಿಕೊಂಡರು.

ಕುರಣದ ಜಾಗದಲ್ಲಿ ಈಗ ಮನೆಗಳೆದ್ದಿವೆ. ಈ ಮಳೆಗಾಲ ಬೇವಿನ ಸಸಿ ಹಿಡಿದು ನಾನೊಬ್ಬಳೇ ಹೋದೆ. ಗುಂಡಿ ತೋಡುತ್ತಿದ್ದಾಗ ಹೊಸ ಮನೆಯೊಂದರ ಹೆಂಗಸು ಗೇಟಿಗೆ ಬಂದು, ಇಲ್ಲಿ ಗಿಡ ಹಚ್ಚಬೇಡಿ, ಎಲೆ ಬಿದ್ದು ಕಸವಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿದರು. ಆ ಊರಿನಲ್ಲಿ ಅಲ್ಲಿಯವರೆಗೆ ಯಾರಿಗೂ ಎದುರು ಮಾತಾಡದ ನಾನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಜಗಳಕ್ಕೆ ನಿಂತೆ. ಇಲ್ಲಿ ಏನೇನಿತ್ತು ಎಂದು ಒಂದೊಂದೇ ಹೇಳಿದೆ, ನಾನೇ ಕಂಡವಳಂತೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಕೊನೆಗೆ, "ತುಮ್ಹೀ ಕುಠಲ್ಯಾ?" ಎಂದರು. ನೀವು ಎಲ್ಲಿಯವರು ಎಂದು.

"ಇಲ್ಲಿಯಾಕಿ," ಎಂದೆ, ಕನ್ನಡದಲ್ಲೇ. ಹಾಗೆ ಹೇಳುವ ಹಕ್ಕನ್ನು ನನಗೆ ಕೊಟ್ಟು ಹೋದವರು ಅತ್ತೆ.

ನೆಟ್ಟರೂ ಅವರು ಕಿತ್ತೆಸೆಯುವರು ಎಂದು ಗುಂಡಿ ಮುಚ್ಚಿ ಸಸಿಯನ್ನು ವಾಪಸು ತಂದೆ. ಅದು ಮಾಳಿಗೆಯ ಮೇಲೆ ಎಣ್ಣೆಡಬ್ಬಿಯಲ್ಲಿ ಚಿಗುರುತ್ತಿದೆ. ಬೇರಿಗೆ ಡಬ್ಬಿ ಸಾಲದಾಗಿದೆ. ಜಾಗ ಹುಡುಕುತ್ತಿದ್ದೇನೆ.