ಆರು ಸಾವಿರ ಸುತ್ತಿನಲ್ಲಿ ನಿಂತ ಎಂಜಿನ್

ನನ್ನ ಅಕ್ಕನ ಕೈಗೆ ಸಿಕ್ಕ ಮೇಲೂ ಮುಚ್ಚಿಕೊಂಡೇ ಉಳಿದ ವಸ್ತು ನಮ್ಮ ಮನೆಯಲ್ಲಿ ಯಾವುದೂ ಇರಲಿಲ್ಲ. ರೇಡಿಯೊ, ಇಸ್ತ್ರಿಪೆಟ್ಟಿಗೆ, ಬಾಗಿಲಿನ ಬೀಗ, ಅಪ್ಪನ ಕೊಡೆ, ಎಲ್ಲದರ ಹೊಟ್ಟೆಯನ್ನೂ ಅವಳು ಬಗೆದು ನೋಡಿದ್ದಳು. ನನ್ನ ಹತ್ತನೇ ತರಗತಿಯ ಪರೀಕ್ಷೆಯ ದಿನ ಬೆಳಿಗ್ಗೆ ಅಲಾರಾಂ ಹೊಡೆಯಲಿಲ್ಲ. ಗಾಬರಿಯಿಂದ ಎದ್ದು ನೋಡಿದರೆ ಗಡಿಯಾರ ಹಳೆಯ ಟವೆಲ್ಲಿನ ಮೇಲೆ ಐವತ್ತು ತುಂಡಾಗಿ ಸಾಲಾಗಿ ಮಲಗಿತ್ತು.

"ಸದ್ದು ಎಲ್ಲಿಂದ ಬರುತ್ತೆ ಅಂತ ನೋಡ್ತಿದ್ದೆ ಕಣೋ" ಅಂದಳು.

ಸಂಜೆ ಜೋಡಿಸಿಕೊಟ್ಟಳು. ಗಡಿಯಾರ ಚೆನ್ನಾಗಿಯೇ ನಡೆಯಿತು, ಆದರೆ ಒಂದು ಸ್ಕ್ರೂ ಮಿಕ್ಕಿತ್ತು. ಮುಕ್ಕಾಲು ಗಂಟೆ ತಡವಾಗಿ ಪರೀಕ್ಷೆಗೆ ಹೋದ ನಾನು ಅದನ್ನು ಮೂವತ್ತೈದು ವರ್ಷ ಅವಳಿಗೆ ಎತ್ತಿ ಆಡಿದ್ದೇನೆ.

ಅಮ್ಮನ ಹೊಲಿಗೆ ಯಂತ್ರದ ಮುಂದೆ ಅವಳು ಗಂಟೆಗಟ್ಟಲೆ ಕೂರುತ್ತಿದ್ದಳು. ಬಟ್ಟೆಯ ಆಸೆಗಲ್ಲ. ಗಾಲಿ ಸುತ್ತುತ್ತದೆ, ಸೂಜಿ ಮೇಲೆ ಕೆಳಗೆ ಹೋಗುತ್ತದೆ, ಮಧ್ಯದಲ್ಲಿ ಏನು ನಡೆಯಿತು ಎಂಬುದು ಅವಳ ಚಿಂತೆ. "ತಿರುಗೋದು ಕುಣಿಯೋದಾಗಿದ್ದು ಹೇಗಮ್ಮ?" ಎಂದು ಕೇಳಿದರೆ ಅಮ್ಮ, "ಮೊದಲು ದಾರ ಪೋಣಿಸಿಕೊಡು, ಆಮೇಲೆ ಹೇಳ್ತೀನಿ" ಅನ್ನುತ್ತಿದ್ದಳು. ಪಾಪ, ಅಮ್ಮನಿಗೂ ಗೊತ್ತಿರಲಿಲ್ಲ.

ಆ ಚಿಂತೆಯೇ ಅಕ್ಕನಿಗೆ ಅನ್ನ ಕೊಟ್ಟಿತು. ಯಂತ್ರಗಳ ರಿಪೇರಿ ಪುಸ್ತಕಗಳಿಗೆ ಬಿಡಿಭಾಗಗಳ ಚಿತ್ರ ಬರೆಯುವುದು ಅವಳ ಕೆಲಸವಾಯಿತು. ಕಂಪ್ಯೂಟರ್ ಬಂದು ಶಾಯಿ, ಸ್ಕೇಲು ಮೂಲೆ ಸೇರಿದಾಗ ನಲವತ್ತು ದಾಟಿದ್ದ ಅವಳು ಮೊದಲಿನಿಂದ ಕಲಿತು, ಒಂದು ಅನಿಮೇಷನ್ ಸ್ಟುಡಿಯೊ ಸೇರಿದಳು. ಈಗ ಐವತ್ತನಾಲ್ಕು. ಅಲ್ಲಿ ಉಳಿದವರೆಲ್ಲ ಅವಳ ಮಕ್ಕಳ ವಯಸ್ಸಿನವರು. ಎದುರಿಗೆ ಮೇಡಂ, ಹಿಂದಿನಿಂದ ಅಜ್ಜಿ.

ನನ್ನದು ಡ್ರೈವಿಂಗ್ ಸ್ಕೂಲು. ಅಕ್ಕನಿಗೂ ಕಾರು ಕಲಿಸಲು ಹೊರಟಿದ್ದೆ. ಮೂರನೆಯ ದಿನ ನಾಲ್ಕು ರಸ್ತೆ ಕೂಡುವಲ್ಲಿ ಗಾಡಿ ನಿಲ್ಲಿಸಿ, "ಕ್ಲಚ್ ಒತ್ತಿದಾಗ ಒಳಗೆ ಯಾವುದು ಯಾವುದನ್ನ ಬಿಡುತ್ತೆ?" ಎಂದು ಕೇಳಿದಳು. ಹಿಂದೆ ಹನ್ನೊಂದು ಗಾಡಿಗಳ ಹಾರ್ನ್. ಅಲ್ಲಿಗೆ ಪಾಠ ಮುಗಿಯಿತು. ಅಂದಿನಿಂದ ಅವಳು ಹೋಗಬೇಕಾದಲ್ಲಿಗೆ ನಾನೇ ಸಾರಥಿ.

ಹೋದ ವರ್ಷ ಸ್ಟುಡಿಯೊಗೆ ದೊಡ್ಡ ಕೆಲಸ ಬಂತು. ಒಂದು ಕಂಪನಿಯ ಹೊಸ ಸ್ಪೋರ್ಟ್ಸ್ ಕಾರಿನ ಎಂಜಿನ್ ಒಳಗೆ ಏನು ನಡೆಯುತ್ತದೆ ಎಂಬುದನ್ನು ಪರದೆಯ ಮೇಲೆ ತೋರಿಸಬೇಕು. ಒಪ್ಪುವ ಅಧಿಕಾರ ಕಂಪನಿಯ ಮುಖ್ಯ ಎಂಜಿನಿಯರರದು. ಸ್ಟುಡಿಯೊದ ಹುಡುಗರು ಅವರಿಗೆ ದೂರ್ವಾಸ ಎಂದು ಹೆಸರಿಟ್ಟಿದ್ದರು, ಸುಮ್ಮನೆ ಇಟ್ಟಿರಲಿಲ್ಲ. ಮೊದಲ ಚಿತ್ರದಲ್ಲಿ ಹುಡುಗರು ಎಂಜಿನ್ನನ್ನು ನಿಧಾನವಾಗಿ ಆಡಿಸಿ, ಕೆಳಗೆ 'ನಿಮಿಷಕ್ಕೆ ಆರು ಸಾವಿರ ಸುತ್ತು' ಎಂದು ಬರೆದಿದ್ದರು.

"ಇದು ಆರು ಸಾವಿರಾನಾ? ಬಾವಿಯಿಂದ ನೀರು ಸೇದೋ ಹಾಗಿದೆ. ಕಣ್ಣಿಗೆ ಮಣ್ಣೆರಚಬೇಡಿ, ನಿಜವಾದ ವೇಗ ತೋರಿಸಿ" ಎಂದು ದೂರ್ವಾಸರು ಎದ್ದು ಹೋದರು.

ಎರಡನೆಯ ಸಲ ನಿಜವಾದ ವೇಗ ಕೊಟ್ಟು, ವೇಗ ಕಾಣಲೆಂದು ಚಿತ್ರವನ್ನು ಮಸುಕು ಮಾಡಿದರು. ಪರದೆಯ ತುಂಬ ಬೂದಿ ಬಣ್ಣದ ಮಂಜು. "ಇದರಲ್ಲಿ ಎಂಜಿನ್ ಎಲ್ಲಿ?" ಎಂದು ಅದನ್ನೂ ವಾಪಸ್ ಕಳಿಸಿದರು. ವೇಗವೂ ನಿಜವಿರಬೇಕು, ಒಳಗಿನದೂ ಕಾಣಬೇಕು. ಎರಡೂ ಒಟ್ಟಿಗೆ ಆಗದ ಮಾತು ಎಂದು ಎಲ್ಲರೂ ಕೈಚೆಲ್ಲಿದರು.

"ನಾನು ನೋಡ್ಲಾ?" ಎಂದು ಅಕ್ಕ ಕೇಳಿದಳು.

ಸ್ಟುಡಿಯೊದ ಮಾಲೀಕ ಒಪ್ಪಿದ, ಆದರೆ ಮುಚ್ಚುಮರೆಯಿಲ್ಲದೆ ಹೇಳಿದ: "ಇದೂ ವಾಪಸ್ ಬಂದ್ರೆ ಕೆಲಸ ಬೇರೆ ಸ್ಟುಡಿಯೊಗೆ ಹೋಗುತ್ತೆ ಮೇಡಂ. ಆಮೇಲೆ ನಿಮ್ಮನ್ನ ಇಟ್ಕೊಳ್ಳೋದು ನನಗೂ ಕಷ್ಟ."

ಎರಡು ತಿಂಗಳು ಅವಳು ಕಂಪನಿಯ ನಕ್ಷೆಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಭಾಗವನ್ನು ಕಂಪ್ಯೂಟರಿನಲ್ಲಿ ಕಟ್ಟಿದಳು. ಸಿಲಿಂಡರ್ ಎಂಬ ಕೊಳವೆ, ಅದರೊಳಗೆ ಏರಿಳಿಯುವ ಪಿಸ್ಟನ್, ಗಾಳಿ ಬರಲು ಒಂದು ಕವಾಟ, ಹೊಗೆ ಹೋಗಲು ಇನ್ನೊಂದು. ಲೋಹದ ಗೋಡೆಯನ್ನು ಗಾಜಿನಂತೆ ಪಾರದರ್ಶಕ ಮಾಡಿದಳು. ಪೆಟ್ರೋಲಿನ ಆವಿಗೆ ತಿಳಿ ನೀಲಿ, ಬೆಂಕಿಗೆ ಕಿತ್ತಳೆ. ಒಂದು ದಿನ ಊಟದ ಮಧ್ಯೆ ನನಗೆ ಫೋನ್ ಮಾಡಿ, "ಲೋ, ಇದು ಅಮ್ಮನ ಹೊಲಿಗೆ ಯಂತ್ರಾನೇ ಕಣೋ, ಉಲ್ಟಾ. ಇಲ್ಲಿ ಕುಣಿಯೋದು ತಿರುಗೋದಾಗುತ್ತೆ!" ಎಂದು ಕೂಗಿದಳು. ಆ ಖುಷಿ ಈಗಲೂ ನನ್ನ ಕಿವಿಯಲ್ಲಿದೆ.

ಎಲ್ಲ ಜೋಡಿಸಿ, ಒಂದೊಂದು ಚಿತ್ರವೂ ಸ್ವಲ್ಪವೂ ಮಸುಕಿಲ್ಲದಂತೆ ಮಾಡಿ, ನಿಜವಾದ ವೇಗ ಆರು ಸಾವಿರ ಎಂದು ತುಂಬಿ, ಮಾಲೀಕನನ್ನು ಕರೆದು ಓಡಿಸಿದಳು. ಸ್ಪೀಕರಿನಲ್ಲಿ ಎಂಜಿನ್ ಆರ್ಭಟಿಸಿತು. ಪರದೆಯ ಮೇಲೆ ಪಿಸ್ಟನ್ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಕವಾಟ ಅರ್ಧ ತೆರೆದದ್ದು ಹಾಗೇ. ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು.

"ಮೇಡಂ, ಎಂಜಿನ್ ಆಫ್ ಆಗಿದೆ" ಅಂದ ಮಾಲೀಕ. ದೂರ್ವಾಸರು ಬರಲು ಹತ್ತೇ ದಿನ ಉಳಿದಿತ್ತು.

ಬೇರೆಯವರಾಗಿದ್ದರೆ ಅಳುತ್ತಿದ್ದರು. ಅಕ್ಕ ಮಾತ್ರ, ಇಷ್ಟು ಕರಾರುವಾಕ್ಕಾಗಿ ನಿಲ್ಲುವುದಕ್ಕೆ ಏನೋ ಕಾರಣವಿರಲೇಬೇಕು ಎಂದು ಮರುದಿನ ಬೆಳಿಗ್ಗೆ ನನ್ನ ಡ್ರೈವಿಂಗ್ ಸ್ಕೂಲಿನ ಮೈದಾನಕ್ಕೆ ಬಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ, ಅವಳ ಎಂಜಿನ್ ನಿಂತಿದ್ದಕ್ಕೆ ನನ್ನ ಕಾರು ಓಡಬೇಕಾಯಿತು. ನನ್ನ ಕಾರಿನ ಚಕ್ರಕ್ಕೆ ಐದು ಕಡ್ಡಿ. ಅವಳು ಪಕ್ಕದಲ್ಲಿ ಫೋನ್ ಹಿಡಿದು ಚಕ್ರದ ವಿಡಿಯೊ ತೆಗೆಯುವುದು, ನಾನು ಅವಳ ಮುಂದೆ ಓಡಿಸುವುದು.

"ಮೂವತ್ತೈದರಲ್ಲಿ ಹೋಗು. ಈಗ ನಲವತ್ತು. ಇನ್ನೊಂಚೂರು ಜಾಸ್ತಿ. ಮತ್ತೆ!"

ಇಪ್ಪತ್ತೆರಡು ಸುತ್ತು. ಪಾಠಕ್ಕೆ ಬಂದಿದ್ದ ಹೆಂಗಸು ಕಟ್ಟೆಯ ಮೇಲೆ ಕೂತು ಕೂತು ಎದ್ದು ಹೋದರು. ನನಗೆ ತಲೆ ಚಿಟ್ಟು ಹಿಡಿಯಿತು. ಇಳಿದು ಬಂದು ಬೈಯಬೇಕು ಅನ್ನುವಷ್ಟರಲ್ಲಿ ಅವಳು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಒಂದು ವಿಡಿಯೊದಲ್ಲಿ ಕಾರು ಮುಂದೆ ಹೋಗುತ್ತಿದೆ, ಚಕ್ರ ಹಿಂದಕ್ಕೆ ತಿರುಗುತ್ತಿದೆ. ಇನ್ನೊಂದರಲ್ಲಿ ಕಾರು ಓಡುತ್ತಿದೆ, ಕಡ್ಡಿಗಳು ನಿಂತಿವೆ. ಮೂರನೆಯದರಲ್ಲಿ ಚಕ್ರ ಸೋಮಾರಿಯ ಹಾಗೆ ನಿಧಾನವಾಗಿ ಮುಂದಕ್ಕೆ ಉರುಳುತ್ತಿದೆ. ಬೈಗುಳ ಬಾಯಲ್ಲೇ ಉಳಿಯಿತು.

"ಯಾಕೆ ಹೀಗೆ?" ಅಂದೆ.

"ನೀನು ದಿನಾ ಸರಿಯಾಗಿ ಹತ್ತು ಗಂಟೆಗೇ ನಮ್ಮನೆಗೆ ಬಂದ್ರೆ ನಾನು ದಿನಾ ಸ್ನಾನ ಮುಗಿಸಿ ತಲೆ ಒರೆಸ್ಕೊಳ್ಳೋದನ್ನೇ ನೋಡ್ತೀಯ. ಅಕ್ಕ ಬೇರೇನೂ ಮಾಡೋದೇ ಇಲ್ಲ ಅಂದ್ಕೋತೀಯ. ದಿನಾ ಹಿಂದಿನ ದಿನಕ್ಕಿಂತ ಐದು ನಿಮಿಷ ತಡವಾಗಿ ಬಾ. ಒಂದಿನ ತಲೆ ಬಾಚೋದು, ಒಂದಿನ ತಿಂಡಿ, ಒಂದಿನ ಚಪ್ಪಲಿ ಹಾಕ್ಕೊಳ್ಳೋದು, ಹೀಗೆ ನನ್ನ ಇಡೀ ದಿನ ಕಂಡುಬಿಡುತ್ತೆ."

ಆಮೇಲೆ ಲೆಕ್ಕ ಹೇಳಿದಳು. ಅವಳ ಚಲನಚಿತ್ರದಲ್ಲಿ ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಎಂಜಿನ್ ನಿಮಿಷಕ್ಕೆ ಆರು ಸಾವಿರ ಎಂದರೆ ಸೆಕೆಂಡಿಗೆ ನೂರು ಸುತ್ತು. ಒಂದು ಚಿತ್ರದಿಂದ ಇನ್ನೊಂದಕ್ಕೆ ಸರಿಯಾಗಿ ನಾಲ್ಕು ಸುತ್ತು ಮುಗಿಸಿ ಪಿಸ್ಟನ್ ಮೊದಲಿದ್ದ ಜಾಗಕ್ಕೇ ಬಂದು ನಿಂತಿರುತ್ತದೆ. ಎಂಜಿನ್ ನಿಂತಿರಲಿಲ್ಲ. ನಾವು ದಿನಾ ಹತ್ತು ಗಂಟೆಗೇ ಹೋಗುತ್ತಿದ್ದೆವು, ಅಷ್ಟೇ.

ದೂರ್ವಾಸರು ಬರುವ ದಿನ ಅಕ್ಕನನ್ನು ಬಿಡಲು ಹೋದವನು ನಾನೂ ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ತೆಳ್ಳಗೆ, ಉದ್ದಕ್ಕೆ, ತುಟಿ ಬಿಗಿದ ಮನುಷ್ಯ. ಮಾಲೀಕ ಅಕ್ಕನ ಹತ್ತಿರ ಬಗ್ಗಿ, "ನಿಂತಿರೋದನ್ನ ಮಾತ್ರ ತೋರಿಸ್ಬೇಡಿ" ಎಂದು ಪಿಸುಗುಟ್ಟಿದ. ಅಕ್ಕ ಮೊದಲು ಅದನ್ನೇ ಹಾಕಿದಳು.

ಆರ್ಭಟ. ಅಲುಗದ ಪಿಸ್ಟನ್.

"ನಿಂತಿದೆಯಲ್ಲ?" ಅಂದರು ದೂರ್ವಾಸರು.

"ಇಲ್ಲ ಸರ್, ಓಡ್ತಿದೆ. ಆರು ಸಾವಿರದಲ್ಲಿ. ಈಗ ಅರವತ್ತು ಸುತ್ತು ಜಾಸ್ತಿ ಮಾಡ್ತೀನಿ, ಒಂದೊಂದು ಚಿತ್ರಕ್ಕೂ ಪಿಸ್ಟನ್ ಒಂಚೂರು ಮುಂದೆ ಸರಿದಿರುತ್ತೆ, ನೋಡಿ."

ಪರದೆಯ ಮೂಲೆಯಲ್ಲಿ 6060 ಎಂದು ಬಂತು. ನಿಂತಿದ್ದ ಎಂಜಿನ್ ಮೈಮುರಿದು ಎದ್ದಿತು. ಕವಾಟ ತೆರೆಯಿತು, ನೀಲಿ ಆವಿ ಒಳಗೆ ಸುರುಳಿಯಾಗಿ ಇಳಿಯಿತು. ಪಿಸ್ಟನ್ ಮೇಲೇರಿ ಅದನ್ನು ಅಮುಕಿತು. ಒಂದು ಕಿಡಿ. ಕಿತ್ತಳೆ ಬೆಂಕಿ ಅಂಚಿನವರೆಗೆ ಹರಡಿ ಪಿಸ್ಟನ್ನನ್ನು ಕೆಳಗೆ ದಬ್ಬಿತು. ಇನ್ನೊಂದು ಕವಾಟ ತೆರೆದು ಹೊಗೆ ಆಚೆ ಹೋಯಿತು. ವೇಗದಲ್ಲಿ ಒಂದು ಸುತ್ತೂ ಸುಳ್ಳಿಲ್ಲ, ಆದರೂ ಎಲ್ಲ ಕಾಣುತ್ತಿತ್ತು. ಇಪ್ಪತ್ತೆಂಟು ವರ್ಷ ಈ ಬೆಂಕಿಯ ಹಿಂದೆಯೇ ಕೂತು ಪಾಠ ಹೇಳಿದವನು ನಾನು. ಅದನ್ನು ನೋಡಿದ್ದು ಅಂದೇ ಮೊದಲು.

ದೂರ್ವಾಸರು ಕುರ್ಚಿಯ ತುದಿಗೆ ಬಂದಿದ್ದರು.

"ಆರು ಸಾವಿರಕ್ಕಿಂತ ಅರವತ್ತು ಕಮ್ಮಿ ಮಾಡಿದ್ರೆ?" ಎಂದು ಮೆಲ್ಲಗೆ ಕೇಳಿದರು.

ಅದನ್ನೂ ಅಕ್ಕ ಮಾಡಿಟ್ಟಿದ್ದಳು. ಎಂಜಿನ್ ಹಿಂದುಹಿಂದಕ್ಕೆ ತಿರುಗಿತು. ಹೊಗೆಯನ್ನು ಒಳಗೆಳೆದುಕೊಂಡಿತು, ಬೆಂಕಿ ಕುಗ್ಗಿ ಕಿಡಿಯಾಗಿ ಮಾಯವಾಯಿತು, ಕೊನೆಗೆ ನೀಲಿ ಆವಿಯನ್ನು ಆಚೆ ಉಗುಳಿತು. ದೂರ್ವಾಸರು ಗಹಗಹಿಸಿ ನಕ್ಕರು. ಆ ಮುಖಕ್ಕೆ ನಗು ಬರುತ್ತದೆಂದು ಹುಡುಗರಿಗೆ ಗೊತ್ತೇ ಇರಲಿಲ್ಲವಂತೆ.

"ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಿಟುಕೋ ದೀಪ ಹಿಡಿದು ತಿರುಗೋ ಗಾಲೀನ ಹೀಗೇ ನಿಲ್ಲಿಸಿ ನೋಡ್ತಿದ್ವಿ" ಅಂದರು. "ಆದ್ರೆ ಆ ದೀಪ ಹೊರಗಿನದನ್ನ ಮಾತ್ರ ತೋರಿಸ್ತಿತ್ತು. ಒಳಗಿಂದು ನೋಡೋ ಆಸೆ ಹಾಗೇ ಉಳಿದಿತ್ತಮ್ಮ." ಆಮೇಲೆ ಮಾಲೀಕನ ಕಡೆ ತಿರುಗಿದರು. "ಗೇರ್ ಬಾಕ್ಸು, ಬ್ರೇಕು, ಅವೂ ಆಗ್ಬೇಕು. ಇವರೇ ಮಾಡ್ಬೇಕು."

ಮಾಲೀಕ ಹೂಂ ಹೂಂ ಎಂದು ತಲೆಯಾಡಿಸಿದ. ನನ್ನ ಕಣ್ಣು ಒದ್ದೆಯಾಯಿತು, ಅದರಲ್ಲೇನು ನಾಚಿಕೆ.

"ನಿಮಗೆ ನಮ್ಮಿಂದ ಏನಾದ್ರೂ ಬೇಕಾ?" ಎಂದು ಅವರು ಅಕ್ಕನನ್ನು ಕೇಳಿದರು.

"ಒಂದು ಎಂಜಿನ್ ಬಿಚ್ಚಿ ನೋಡ್ಬೇಕು ಸರ್. ಇದೆಲ್ಲ ನಕ್ಷೆ ನೋಡಿ ಮಾಡಿದ್ದು, ನಿಜವಾದ್ದನ್ನ ಕೈಯಲ್ಲಿ ಮುಟ್ಟಿಲ್ಲ."

"ಬಿಚ್ಚಿದ್ಮೇಲೆ ಮತ್ತೆ ಜೋಡಿಸ್ತೀರಾ?"

"ಜೋಡಿಸ್ತಾಳೆ ಸರ್" ಅಂದುಬಿಟ್ಟೆ ನಾನು ಹಿಂದಿನ ಸಾಲಿನಿಂದ. "ಒಂದು ಸ್ಕ್ರೂ ಮಿಗುತ್ತೆ, ಅಷ್ಟೇ."

"ಮಿಕ್ಕಿದ್ದನ್ನ ನನಗೆ ತಂದುಕೊಡಿ" ಅಂದರು ಅವರು, ನಗದೆ. "ಅದು ಯಾಕೆ ಬೇಡವಾಯ್ತು ಅಂತ ನೋಡೋಣ."

ಮನೆಗೆ ಹೊರಟಾಗ ತುಂತುರು ಮಳೆ. ಅಕ್ಕ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಕೆಲಸ ಉಳಿದ ನೆಮ್ಮದಿಯಿರಬೇಕು ಅಂದುಕೊಂಡೆ.

"ಆ ಗಡಿಯಾರದ ವಿಷಯ ಇನ್ನು ಎತ್ತಲ್ಲ ಕಣೆ" ಅಂದೆ.

ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಕಣ್ಣು ಗಾಜಿನ ಮೇಲಿತ್ತು.

"ಈ ಎರಡು ವೈಪರ್ರೂ ಒಂದೇ ಮೋಟಾರಿಂದ ಆಡ್ತವಾ? ತಿರುಗೋದು ಹೀಗೆ ಒರೆಸೋದಾಗಿದ್ದು ಹೇಗೋ? ಗಾಡಿ ಒಂಚೂರು ಪಕ್ಕಕ್ಕೆ ಹಾಕು."

ಹಾಕಿದೆ. ಸ್ಕ್ರೂಡ್ರೈವರನ್ನೂ ನಾನೇ ತೆಗೆದುಕೊಟ್ಟೆ.